ಕುಳಿತೇ ಇದ್ದ ಕೂಸು

ಹೆರಿಗೆಗೆಂದು ಸ್ಫೂರ್ತಿ ಬಂದಿಳಿದ ತವರಿನಲ್ಲಿ ಇದ್ದದ್ದು ಅಪ್ಪ ಒಬ್ಬರೇ. ಕೇಂದ್ರ ಸರ್ಕಾರದ ಕಚೇರಿಯಿಂದ ನಿವೃತ್ತರಾದ ಜಗನ್ನಾಥರು, ಹೆಂಡತಿ ರತ್ನಪ್ರಭಾ ತೀರಿಕೊಂಡ ಮೇಲೆ ವಸಂತ್ ಕುಂಜ್‌ನ ಫ್ಲ್ಯಾಟಿನಲ್ಲಿ ಒಂಟಿಯಾಗಿದ್ದರು. ಮೈಸೂರಿನಿಂದ ಸ್ಫೂರ್ತಿಯ ಅತ್ತೆ ಕರೆದಿದ್ದರು. ಗ್ರೇಟರ್ ನೋಯ್ಡಾದ ತಮ್ಮ ಮನೆಯಲ್ಲೇ ಆಯಾ ಒಬ್ಬಳನ್ನು ಇಟ್ಟುಕೊಳ್ಳೋಣ ಎಂದು ಗಂಡ ಅನೂಪ್ ಹೇಳಿದ್ದ. ಸ್ಫೂರ್ತಿ ಯಾವುದಕ್ಕೂ ಜಗ್ಗಲಿಲ್ಲ. "ನಾನು ಪಪ್ಪನ ಹತ್ರಾನೇ ಇರ್ತೀನಿ, ಬಸ್, ಅಷ್ಟೇ."

ಜಗನ್ನಾಥರಿಗೆ ಸಂತೋಷಕ್ಕಿಂತ ದಿಗಿಲೇ ಹೆಚ್ಚಾಯಿತು. ಸಾರು, ಪಲ್ಯ ಮಾಡಬಲ್ಲರು. ಬಸುರಿಯನ್ನು ನೋಡಿಕೊಳ್ಳುವುದು ಅವರಿಗೇನು ಗೊತ್ತು? ಮಗಳು ಸೊಂಟ ಹಿಡಿದು ಎದ್ದರೆ ಇವರೂ ಎದ್ದು ನಿಲ್ಲುತ್ತಿದ್ದರು, ಆಮೇಲೆ ಏನು ಮಾಡಬೇಕೆಂದು ತೋಚುತ್ತಿರಲಿಲ್ಲ.

ಎಂಟನೆಯ ತಿಂಗಳ ಸ್ಕ್ಯಾನಿನಲ್ಲಿ ಮಗು ತಲೆ ಮೇಲೆ ಮಾಡಿಕೊಂಡು, ಚಕ್ಕಳಮಕ್ಕಳ ಹಾಕಿ ಕುಳಿತಿತ್ತು.

"ಇನ್ನೂ ಸಮಯವಿದೆ. ಎಷ್ಟೋ ಮಕ್ಕಳು ತಾವೇ ತಲೆ ಕೆಳಗಾಗಿ ತಿರುಗುತ್ತವೆ," ಎಂದರು ಡಾಕ್ಟರ್ ಅರೋರಾ.

ತಿರುಗಿದ್ದು ಮನೆಯಲ್ಲಿ ಗೊತ್ತಾಗುವುದು ಹೇಗೆ ಎಂದು ಜಗನ್ನಾಥರು ನೆಲ ನೋಡುತ್ತ ಕೇಳಿದರು. ಕೆಳಹೊಟ್ಟೆಯಲ್ಲಿ ಬೀಳುವ ಒದೆತ ಪಕ್ಕೆಲುಬಿನ ಕಡೆಗೆ ಹೋದರೆ ತಿರುಗಿರಬಹುದು, ಆದರೆ ಅದೊಂದನ್ನೇ ನಂಬಬೇಡಿ ಎಂದರು ಡಾಕ್ಟರ್. ಜಗನ್ನಾಥರ ಮನಸ್ಸಿನಲ್ಲಿ ನಿಂತದ್ದು ಮೊದಲರ್ಧ ಮಾತ್ರ.

ಮರುದಿನದಿಂದ ಕಾಫಿ ಲೋಟದ ಜೊತೆಗೇ ಪ್ರಶ್ನೆ ಬರತೊಡಗಿತು. "ಎಲ್ಲಿ ಒದೀತಮ್ಮಾ?"

"ಕೆಳಗೇ ಪಪ್ಪಾ."

ಒಂದು ಮಧ್ಯಾಹ್ನ ಬಾಲ್ಕನಿಯಲ್ಲಿ ಚಳಿಗಾಲದ ಬಿಸಿಲು ಕಾಯುತ್ತ ಸೀಬೆಹಣ್ಣು ತಿನ್ನುತ್ತಿದ್ದ ಸ್ಫೂರ್ತಿ ಕೂಗಿಕೊಂಡಳು. "ಪಪ್ಪಾ, ಜಲ್ದಿ ಬನ್ನಿ! ಮೇಲೆ ಒದೀತಾ ಇದೆ!"

ಅವರು ಓಡಿ ಬಂದರು. ಅವಳು ಅವರ ಕೈ ಹಿಡಿದು ಪಕ್ಕೆಲುಬಿನ ಕೆಳಗೆ ಇಟ್ಟುಕೊಂಡಳು. ಜಗನ್ನಾಥರು ಸಂಕೋಚದಿಂದ ಕೈ ಹಿಂದಕ್ಕೆ ತೆಗೆಯಬೇಕೆನ್ನುವಷ್ಟರಲ್ಲಿ ಅಂಗೈಗೆ ಏನೋ ಟಕ್ಕೆಂದು ತಾಗಿತು. ಮತ್ತೊಮ್ಮೆ ತಾಗಿತು. ಕೈ ತೆಗೆಯುವುದನ್ನೇ ಮರೆತರು.

"ತಿರುಗಿಬಿಟ್ಟಿದೆ ಕಣಮ್ಮಾ," ಎಂದರು. ಆ ಸಂಜೆ ಗಸಗಸೆ ಪಾಯಸ ಮಾಡಿದರು, ಮೈಸೂರಿಗೂ ಫೋನ್ ಮಾಡಿ ತಿಳಿಸಿದರು.

ಮುಂದಿನ ತಪಾಸಣೆಯಲ್ಲಿ ಡಾಕ್ಟರ್ ಎರಡೂ ಕೈಯಿಂದ ಹೊಟ್ಟೆಯನ್ನು ಮೆಲ್ಲಗೆ ಒತ್ತಿ ನೋಡಿದರು. ಪಕ್ಕೆಲುಬಿನ ಹತ್ತಿರ ಬೆರಳು ನಿಲ್ಲಿಸಿದರು. "ಗಟ್ಟಿಯಾಗಿ, ಗುಂಡಗೆ ಇಲ್ಲಿ ಸಿಗ್ತಿದೆಯಲ್ಲ, ಇದು ತಲೆ." ಸ್ಕ್ಯಾನ್ ಕೂಡ ಅದನ್ನೇ ಹೇಳಿತು. ಮಗು ತಿರುಗಿರಲಿಲ್ಲ, ಮಡಚಿಕೊಂಡಿದ್ದ ಕಾಲನ್ನು ಈಗ ಮುಖದವರೆಗೆ ಮೇಲಕ್ಕೆ ಚಾಚಿಕೊಂಡಿತ್ತು. ಒದೆತ ಮೇಲೆ ಬೀಳುತ್ತಿದ್ದದ್ದು ಅದಕ್ಕೇ. ಹೊರಗಿನಿಂದ ಒತ್ತಿ ತಿರುಗಿಸಲು ನೋಡಬಹುದಿತ್ತು, ಆದರೆ ಗರ್ಭದಲ್ಲಿ ನೀರು ಕಡಿಮೆಯಿತ್ತು. ಸಿಸೇರಿಯನ್ನೇ ಕ್ಷೇಮ ಎಂದರು ಡಾಕ್ಟರ್.

ಆಟೋದಲ್ಲಿ ಸ್ಫೂರ್ತಿ ದುಪಟ್ಟಾದಲ್ಲಿ ಮುಖ ಒರೆಸಿಕೊಳ್ಳುತ್ತಲೇ ಇದ್ದಳು. "ಅಮ್ಮ ಇದ್ದಿದ್ರೆ ಗೊತ್ತಾಗ್ತಿತ್ತು," ಎಂದಳು.

ಮನೆಗೆ ಬಂದು ಜಗನ್ನಾಥರು ಅವಳಿಗೆ ಬಿಸಿನೀರು ಕೊಟ್ಟು, ಅಡುಗೆಮನೆಗೆ ಹೋಗಿ ಸುಮ್ಮನೆ ನಿಂತರು. ಅವಳ ಮಾತು ನಿಜವಿರಬಹುದು. ಮಗಳನ್ನು ಮೈಸೂರಿಗೆ ಕಳಿಸಬೇಕಿತ್ತೇನೋ.

ಬಾಗಿಲಲ್ಲಿ ಸ್ಫೂರ್ತಿ ಬಂದು ನಿಂತಳು. "ಪಪ್ಪಾ, ನಾನು ಹಾಗನ್ನಬಾರದಿತ್ತು."

"ಇಲ್ಲಮ್ಮ, ನನಗೇನೂ ತಿಳಿಯಲ್ಲ. ಸುಮ್ನೆ ನಿನಗೆ ಆಸೆ ಹುಟ್ಟಿಸಿದೆ."

"ನನಗೆ ಹೆದರಿಕೆ ಆಗ್ತಿದೆ, ಪಪ್ಪಾ. ಅದಕ್ಕೇ ಅಂದ್ಬಿಟ್ಟೆ." ಅವಳು ಅವರ ಭುಜಕ್ಕೆ ಹಣೆ ಆನಿಸಿದಳು. ಚಿಕ್ಕಂದಿನಲ್ಲಿ ಸ್ಕೂಲ್ ಬಸ್ಸಿಗೆ ಕಾಯುವಾಗ ನಿದ್ದೆಗಣ್ಣಲ್ಲಿ ಹೀಗೇ ಒರಗುತ್ತಿದ್ದಳು.

"ನನಗೂ ಹೆದರಿಕೆ ಆಗ್ತಿದೆ ಕಣಮ್ಮಾ," ಎಂದರು ಜಗನ್ನಾಥರು. "ಇಬ್ರೂ ಹೆದರ್ಕೊಂಡೇ ಹೋಗೋಣ. ಅನೂಪನೂ ಬರ್ತಾನಲ್ಲ."

ಆಪರೇಷನ್ ದಿನ ಅನೂಪ್ ಔಷಧಿ ತರಲು ಕೆಳಗೆ ಹೋಗಿದ್ದಾಗಲೇ ನರ್ಸ್ ಹೊರಗೆ ಬಂದಳು. ಹೆಣ್ಣು ಮಗು, ತಾಯಿಯೂ ಚೆನ್ನಾಗಿದ್ದಾಳೆ ಎಂದು ಹೇಳಿ, ಕಾದು ನಿಂತಿದ್ದ ಜಗನ್ನಾಥರ ಕೈಗೆ ಕೂಸನ್ನು ಇಟ್ಟಳು. ಸುತ್ತಿದ್ದ ಬಟ್ಟೆ ಸಡಿಲವಾಗಿ ಎರಡು ಕೆಂಪು ಪಾದಗಳು ಮೇಲೆದ್ದು ಕೂಸಿನ ಕಿವಿಯ ಪಕ್ಕ ನಿಂತವು. ಅವರು ಗಾಬರಿಯಾದರು. ನರ್ಸ್ ನಕ್ಕಳು. "ಹೊಟ್ಟೆಯೊಳಗೆ ಹೀಗೇ ಇತ್ತಲ್ಲ, ಅಂಕಲ್. ಕೆಲವು ದಿನದಲ್ಲಿ ಕಾಲು ತಾನೇ ಇಳಿಯುತ್ತೆ. ಸೊಂಟದ ಕೀಲನ್ನೂ ಡಾಕ್ಟರ್ ನೋಡ್ತಾರೆ."

ಸೊಂಟದ ಕೀಲು ಸರಿಯಾಗಿಯೇ ಇತ್ತು. ಮನೆಗೆ ಬಂದ ಮೇಲೆ ಲಂಗೋಟಿ ಕಟ್ಟುವ ಕೆಲಸವನ್ನು ಜಗನ್ನಾಥರು ಯಾರಿಗೂ ಬಿಟ್ಟುಕೊಡಲಿಲ್ಲ. ಕಾಲು ತಾನಾಗಿಯೇ ಮೇಲಿರುತ್ತಿದ್ದುದರಿಂದ ಕಲಿಯುವವರಿಗೆ ಅದು ಸಲೀಸಾಗಿತ್ತು. ಮೊದಮೊದಲು ಗಂಟು ಬಿಗಿಯಾಯಿತೇನೋ ಎಂದು ಎರಡೆರಡು ಸಲ ಬಿಚ್ಚಿ ಕಟ್ಟುತ್ತಿದ್ದರು. ಆಮೇಲೆ ಅದರಲ್ಲೂ ಕೈ ಪಳಗಿತು.

ಒಂದು ಬೆಳಿಗ್ಗೆ ಎಳೆಬಿಸಿಲಿನಲ್ಲಿ ಮಲಗಿಸಿದ್ದ ಕೂಸು ಮೈ ಮುರಿಯಿತು. ಮೊದಲು ಒಂದು ಕಾಲು ಇಳಿಯಿತು, ಸ್ವಲ್ಪ ಹೊತ್ತಿಗೆ ಇನ್ನೊಂದೂ ಇಳಿದು ನೆಟ್ಟಗೆ ಚಾಚಿಕೊಂಡಿತು.

"ಸ್ಫೂರ್ತಿ, ಬಾ ಇಲ್ಲಿ! ನಿಧಾನ, ನಿಧಾನ! ನೋಡು, ಎಷ್ಟು ಉದ್ದ ಇದಾಳೆ ಇವಳು!"

ಸ್ಫೂರ್ತಿ ಗೋಡೆ ಹಿಡಿದುಕೊಂಡು ಬಂದಳು. ಅಪ್ಪ ಮಗಳು ಇಬ್ಬರೂ ಚಾಪೆಯ ಎರಡು ಬದಿಗೆ ಕುಳಿತು, ಮಗು ಮತ್ತೆ ಕಾಲು ಮಡಚುವವರೆಗೂ ನೋಡುತ್ತಿದ್ದರು.