ಕಿಟಕಿಯ ಬಳಿಯ ಜಾಗ

ಕೋಟಿನ ನಡುವಿನ ಗುಂಡಿ ಮಗಳ ಕೈಯಲ್ಲೇ ಕಿತ್ತು ಬಂತು.

"ಊರಿನವರ ಗುಂಡಿಯನ್ನೆಲ್ಲ ಬಿಗಿ ಮಾಡಿದವನು ತನ್ನದನ್ನ ಮಾತ್ರ ಹೀಗೇ ಬಿಟ್ಕೊಂಡಿದ್ದ ನೋಡು," ಎಂದಳು ಕಾಜಾ ಅಜ್ಜಿ. ಈ ಅಂಗಡಿಯಲ್ಲಿ ಗುಂಡಿಗಳಿಗೆ ಕಾಜಾ ಮಾಡುತ್ತಲೇ ಅವಳ ತಲೆ ನೆರೆತಿತ್ತು. "ಕೊಡಿಲ್ಲಿ ತಾಯಿ, ನಾನು ಹೊಲೀತೀನಿ."

ಬಟ್ಟೆ ಕತ್ತರಿಸುವ ಉದ್ದನೆಯ ಮೇಜಿನ ಮೇಲೆ ತೀರಿಕೊಂಡ ದರ್ಜಿಯನ್ನು ಮಲಗಿಸಿದ್ದರು. ಮನೆ ಮಹಡಿಯಲ್ಲಿತ್ತು, ಮೆಟ್ಟಿಲು ಇಕ್ಕಟ್ಟು. ನೋಡಲು ಬರುವವರಿಗೆ ಅನುಕೂಲವಾಗಲಿ ಎಂದು ಬೆಳಿಗ್ಗೆಯೇ ಕೆಳಗಿನ ಅಂಗಡಿಗೆ ಇಳಿಸಿದ್ದರು. ಅಜ್ಜಿ ಗುಂಡಿ ಹೊಲಿದು ಗಂಟು ಹಾಕಿದಳು. ದಾರ ಕತ್ತರಿಸಲೆಂದು ಮಗಳು ಅಭ್ಯಾಸಬಲದಿಂದ ಗೋಡೆಯತ್ತ ಕೈ ಚಾಚಿದಳು. ಅಂಗಡಿಯಲ್ಲಿ ಬಟ್ಟೆ ಕತ್ತರಿಸುವ ಕತ್ತರಿ ಮಾಮನ ಮೊಳೆ ಬರಿದಾಗಿತ್ತು.

"ಮಾಮನ ಕತ್ತರಿ ಎಲ್ಲಜ್ಜಿ?"

ಅಜ್ಜಿ ಬಗ್ಗಿ ದಾರವನ್ನು ಹಲ್ಲಿನಿಂದ ಕಡಿದಳು.

"ಅಜ್ಜೀ."

"ಮೊನ್ನೆಯೇ ಬಟ್ಟೇಲಿ ಸುತ್ಕೊಂಡು ಮನೆಗೆ ತಗೊಂಡು ಹೋದ. ನಿಮ್ಮಪ್ಪ ಇನ್ನೂ ಉಸಿರಾಡ್ತಿದ್ದ, ಅದಕ್ಕೇ ಹೇಳಲಿಲ್ಲ."

ಮಗಳು ಮತ್ತೇನೂ ಕೇಳಬೇಕಾಗಿರಲಿಲ್ಲ. ಈ ಅಂಗಡಿಯಲ್ಲಿ ಕತ್ತರಿ ಅವರವರದೇ. ಅದು ಗೋಡೆಯಲ್ಲಿ ತೂಗುತ್ತಿದ್ದರೆ ಆಳು ಅಂಗಡಿಯವನು. ಮನೆಗೆ ಹೋಯಿತೆಂದರೆ ಋಣ ಹರಿಯಿತು. ಅಪ್ಪ ಹಾಸಿಗೆ ಹಿಡಿದ ಮೇಲೆ ಇಬ್ಬರು ಹೊಲಿಗೆಯವರು ಆಗಲೇ ದೊಡ್ಡ ರಸ್ತೆಯ ಅಂಗಡಿ ಸೇರಿದ್ದರು. ಹೊಲಿಯುವವರು ಹೋದರೆ ಬೇರೆಯವರು ಸಿಕ್ಕಾರು. ಬಟ್ಟೆಗೆ ಕತ್ತರಿ ಇಡುವವನೇ ಎದ್ದುಹೋದರೆ ಬಾಗಿಲು ತೆರೆದು ಮಾಡುವುದೇನು?

"ಸಂಬಳ ಹೆಚ್ಚು ಮಾಡಿದ್ದೆನಲ್ಲಜ್ಜಿ. ಅಪ್ಪ ಕೊಡ್ತಿದ್ದಕ್ಕಿಂತ ಜಾಸ್ತಿನೇ."

"ಮಾಡಿದ್ದೆ ತಾಯಿ," ಎಂದಷ್ಟೇ ಹೇಳಿ ಅಜ್ಜಿ ಕೋಟಿನ ಸುಕ್ಕು ನೀವತೊಡಗಿದಳು.

*

ಅಂಗಡಿಗೆ ಇದ್ದದ್ದು ಒಂದೇ ಕಿಟಕಿ. ಬೆಳಕೆಂಬುದೆಲ್ಲ ಅಲ್ಲಿಂದಲೇ ಬರಬೇಕು. ಯಜಮಾನನಾದವನು ಅಲ್ಲಿ ಕೂರುವುದು ಲೋಕರೂಢಿ. ದರ್ಜಿ ಮಾತ್ರ ಆ ಜಾಗವನ್ನು ಕೆಲಸದವರಿಗೆ ಬಿಟ್ಟು, ತಾನು ಮೆಟ್ಟಿಲ ಕೆಳಗಿನ ಕತ್ತಲು ಮೂಲೆಯಲ್ಲಿ, ಬಾಗಿಲ ಗಾಳಿಗೆ ಬೆನ್ನು ಕೊಟ್ಟು ಕೂರುತ್ತಿದ್ದ. ಹೊಸ ಗಿರಾಕಿಗಳು ಕಿಟಕಿಯ ಬಳಿಯ ಕತ್ತರಿ ಮಾಮನನ್ನು ಬಹುವಚನದಲ್ಲಿ ಮಾತಾಡಿಸಿ, ದರ್ಜಿಯ ಕೈಗೆ ತಮ್ಮ ಒದ್ದೆ ಕೊಡೆ ಕೊಡುತ್ತಿದ್ದರು. ಅವನು ಅದನ್ನು ಕೊಡವಿ ಮೂಲೆಗೆ ನಿಲ್ಲಿಸುತ್ತಿದ್ದ.

ಅಷ್ಟಕ್ಕೇ ಮುಗಿಯುತ್ತಿರಲಿಲ್ಲ. ದಾರ ಮುಗಿದಾಗಲೆಲ್ಲ ದರ್ಜಿ ತಲೆಯೆತ್ತದೆ ಸೂಜಿಯನ್ನೂ ರೀಲನ್ನೂ ಕಿಟಕಿಯತ್ತ ಚಾಚುತ್ತಿದ್ದ. ಅಲ್ಲಿ ಯಾರಿದ್ದರೋ ಅವರು ಕೈಕೆಲಸ ನಿಲ್ಲಿಸಿ, ಬೆಳಕಿಗೆ ಹಿಡಿದು ಪೋಣಿಸಿಕೊಡಬೇಕು. ಮುನಿಸಿಕೊಂಡವನೂ ಪೋಣಿಸಬೇಕು.

"ಇವತ್ತು ನಿಮ್ಮ ಹತ್ರ ಮಾತು ಬಿಟ್ಟಿದ್ದೀನಿ ಯಜಮಾನ್ರೇ," ಎಂದು ಮಾಮ ಒಮ್ಮೆ ಗುರುಗುಟ್ಟಿದ್ದ.

"ಮಾತು ಯಾರು ಕೇಳಿದ್ರಯ್ಯ? ದಾರ ಕೊಡು."

ಅಂಗಡಿಯೆಲ್ಲ ನಕ್ಕಿತ್ತು. ಮಾಮನೂ ನಕ್ಕು ಪೋಣಿಸಿದ್ದ.

ಮಗಳಿಗೆ ಮಾತ್ರ ಅದು ನುಂಗಲಾರದ ತುತ್ತು. ಯಜಮಾನನಾಗಿ ಆಳಿನ ಮುಂದೆ ಕೈಯೊಡ್ಡುವುದೇ? ಅಪ್ಪನ ಕಣ್ಣು ಮಂದ, ಪಾಪ, ಎಂದುಕೊಂಡು ಸುಮ್ಮನಿದ್ದಳು. ಅಪ್ಪ ಹಾಸಿಗೆ ಹಿಡಿದದ್ದೇ ತಡ, ಉದ್ದನೆಯ ಮೇಜನ್ನು ಒಳಕ್ಕೆ ತಳ್ಳಿಸಿ ತನ್ನ ಪುಟ್ಟ ಮೇಜನ್ನು ಕಿಟಕಿಗೆ ಹಾಕಿಸಿಕೊಂಡಳು. ಬಂದವರಿಗೆ ಯಜಮಾನಿ ಯಾರೆಂದು ಕಾಣಬೇಡವೇ? ಉಳಿದವರನ್ನು ಗೋಡೆಗೆ ಮುಖ ಮಾಡಿ ಸಾಲಾಗಿ ಕೂರಿಸಿ, ತಲೆಯ ಮೇಲೆ ಒಂದೊಂದು ದೀಪ ಹಾಕಿಸಿದಳು. ಯಾರೂ ಎದುರಾಡಲಿಲ್ಲ. ಅದನ್ನೇ ಒಪ್ಪಿಗೆ ಎಂದುಕೊಂಡಳು.

*

ಮಣ್ಣು ಮಾಡಿ ಹಿಂತಿರುಗುವಾಗ ದೊಡ್ಡ ರಸ್ತೆಯ ಅಂಗಡಿಯವನು ಮಾಮನ ಹೆಗಲ ಮೇಲೆ ಕೈ ಹಾಕಿಕೊಂಡು ನಡೆಯುತ್ತಿದ್ದ. "ಸೋಮವಾರವೇ ಬಂದ್ಬಿಡು. ಇನ್ನೇನಿದೆ ಅಲ್ಲಿ?"

"ಸ್ವಾಮಿ, ಮಣ್ಣಿನ್ನೂ ಹಸಿ ಇದೆ," ಎಂದಳು ಹಿಂದೆ ಬರುತ್ತಿದ್ದ ಅಜ್ಜಿ. "ಅದು ಒಣಗೋವರೆಗಾದ್ರೂ ತಡೀಬಾರ್ದಾ?"

ಅವನು ಕೈ ತೆಗೆದು ಮುಂದೆ ಸರಿದ. ಆ ಜಾಗಕ್ಕೆ ಮಗಳು ಬಂದಳು.

"ಮಾಮ, ನನ್ನಿಂದ ಏನು ಕಡಿಮೆಯಾಯ್ತು?"

"ಏನೂ ಇಲ್ಲಮ್ಮ. ದೀಪ ಹಾಕಿಸಿದೆ, ಸಂಬಳ ಹೆಚ್ಚಿಸಿದೆ. ದೂರು ಹೇಳಿದ್ರೆ ಬಾಯಿಗೆ ಹುಳ ಬೀಳುತ್ತೆ."

"ಮತ್ತೆ?"

ಮಾಮ ಹೆಜ್ಜೆ ನಿಧಾನ ಮಾಡಿದ. "ಗೋಡೆ ನೋಡ್ಕೊಂಡು ಮಾಡೋ ಕೆಲಸ ಎಲ್ಲಾದ್ರೂ ಒಂದೇ ಅಲ್ವಾ ತಾಯಿ? ಅಲ್ಲಿ ಗೋಡೆಗೆ ಹೊಸ ಬಣ್ಣ ಹೊಡೆಸಿದ್ದಾರೆ."

"ಅಪ್ಪನಿಗೆ ಕಣ್ಣು ಕಾಣ್ತಿರಲಿಲ್ಲ, ನಿಮ್ಮ ಕೈಲಿ ಪೋಣಿಸಿಸ್ಕೋತಿದ್ರು. ನನಗೆ ಕಾಣುತ್ತೆ. ನಿಮಗ್ಯಾಕೆ ತೊಂದರೆ ಅಂತ..."

ಮಾಮ ನಿಂತುಬಿಟ್ಟ. "ಯಾರಿಗೆ ಕಾಣ್ತಿರಲಿಲ್ಲ? ನಿಮ್ಮಪ್ಪನಿಗಾ?" ಆ ದಿನ ಮೊದಲ ಬಾರಿಗೆ ಅವನ ಮುಖ ಸಡಿಲವಾಯಿತು. "ಬೆಕ್ಕಿನ ಕಣ್ಣಮ್ಮ ಅವರದು! ನಾವು ಊಟಕ್ಕೆ ಹೋದಾಗ ಅದೇ ಕತ್ತಲಲ್ಲಿ ಕೂತು ತಾವೇ ಪೋಣಿಸ್ಕೋತಿದ್ರು. ಬಾಗಿಲ ಸಂದಿಯಿಂದ ನಾನೇ ನೋಡಿದ್ದೀನಿ."

"ನೋಡಿ ಏನ್ಮಾಡಿದಿರಿ?"

"ಏನ್ಮಾಡೋದು? ಒಳಗೆ ಬಂದೆ. ಮಧ್ಯಾಹ್ನ ಸೂಜಿ ಚಾಚಿದ್ರು. ಪೋಣಿಸಿಕೊಟ್ಟೆ." ಕಣ್ಣೊರೆಸಿಕೊಂಡ. "ನಮಗೆ ಗೊತ್ತು ಅಂತ ಅವರಿಗೂ ಗೊತ್ತಿತ್ತು ಕಣಮ್ಮ."

*

ಮಗಳು ಎಲ್ಲರಿಗಿಂತ ಮೊದಲು ಅಂಗಡಿ ಸೇರಿದಳು. ಪುಟ್ಟ ಮೇಜನ್ನು ಕಿಟಕಿಯಿಂದ ಎಳೆದಳು. ಅದು ನೆಲ ಕೆರೆಯುತ್ತ ಅರಚಿತು. ಹಿಂದೆಯೇ ಬಂದ ಅಜ್ಜಿ, "ಬಗ್ಗಬೇಡ, ಸೊಂಟ ಹಿಡಿದೀತು," ಎಂದು ಗದರಿ ಇನ್ನೊಂದು ತುದಿ ಹಿಡಿದಳು. ಇಬ್ಬರೂ ಸೇರಿ ಉದ್ದನೆಯ ಮೇಜನ್ನು ಮತ್ತೆ ಬೆಳಕಿಗೆ ತಳ್ಳಿದರು.

ಮೆಟ್ಟಿಲ ಕೆಳಗೆ ಅಪ್ಪ ಅರ್ಧಕ್ಕೆ ಬಿಟ್ಟ ಅಂಗಿಯ ತೋಳೊಂದು ಇತ್ತು, ಚುಚ್ಚಿದ ಸೂಜಿಯಲ್ಲಿ ಮೋಟು ದಾರ. ಮಗಳು ಅಲ್ಲಿ ಕೂತಳು. ಬಾಗಿಲ ಗಾಳಿ ಬೆನ್ನಿಗೆ ತಣ್ಣಗೆ ಹೊಡೆಯಿತು. ಮೋಟು ದಾರ ಎಳೆದು ತೆಗೆದಳು. ಸೂಜಿಯ ಕಣ್ಣು ಆ ಕತ್ತಲಲ್ಲೂ ಅವಳಿಗೆ ಚೆನ್ನಾಗಿಯೇ ಕಂಡಿತು.

ತಲೆ ಬಗ್ಗಿಸಿ, ಸೂಜಿಯನ್ನೂ ರೀಲನ್ನೂ ಕಿಟಕಿಯತ್ತ ಚಾಚಿದಳು.

ಜನ ಒಬ್ಬೊಬ್ಬರಾಗಿ ಬಂದರು. ಯಾರೋ ನೀರು ಕೇಳಿದರು, ಯಾರೋ ಕುರ್ಚಿ ಎಳೆದರು. ತೋಳು ನೋಯತೊಡಗಿತು, ಅವಳು ಇಳಿಸಲಿಲ್ಲ. ಮಾಮನ ಪರಿಚಿತ ಹೆಜ್ಜೆ ಹೊಸ್ತಿಲಲ್ಲಿ ತಡೆಯಿತು, ಬಹಳ ಹೊತ್ತು ತಡೆಯಿತು, ಆಮೇಲೆ ಅವಳನ್ನು ದಾಟಿ ಹೋಗಿ ಕಿಟಕಿಯ ಬಳಿ ನಿಂತಿತು.

ಅವಳ ಬೆರಳುಗಳು ಹಗುರಾದವು.

ಸೂಜಿ ಮರಳಿ ಬಂದಾಗ ರೀಲು ಇನ್ನೂ ಕಿಟಕಿಯಲ್ಲೇ ಉಳಿದಿತ್ತು. ಬೆಳಕಿನಿಂದ ಮೂಲೆಯವರೆಗೆ ದಾರ ಗಾಳಿಗೆ ಸಣ್ಣಗೆ ತೂಗುತ್ತಿತ್ತು. ಹಲ್ಲಿನಿಂದ ಕಡಿಯಲು ಬಾಗಿದ ಅಜ್ಜಿ, ಮಾಮನ ಬರಿದಾದ ಮೊಳೆಯತ್ತ ಒಮ್ಮೆ ನೋಡಿ, ದಾರವನ್ನು ಕತ್ತರಿಗೇ ಬಿಟ್ಟು ಹಿಂದೆ ಸರಿದಳು.