ಹಳದಿ ನೂಲಿನ ಅಳತೆ

ಎಂಟು ಕ್ಯಾಮೆರಾ ಸಾಕೇ? ಒಂಬತ್ತನೆಯದನ್ನು ಹೆಂಡತಿಯ ಹೊಲಿಗೆ ಯಂತ್ರದ ಮೇಲೆಯೇ ಹಾಕಿಸಿದರೆ ಭಯ ಹೋದೀತೇ? ಆದರೆ ರೌಟರ್ ಇರುವುದು ಮುಂದಿನ ಹಾಲಿನಲ್ಲಿ. ಮೂರು ಗೋಡೆ ದಾಟಿ ವೈಫೈ ಅಲ್ಲಿಯವರೆಗೆ ಹೋಗುತ್ತದೆಯೋ ಇಲ್ಲವೋ? ತಾನೇ ಬರೆದ ನಕ್ಷೆಯನ್ನು ನೋಡುತ್ತ ಅವನು ಪೆನ್ಸಿಲಿನ ತುದಿ ಕಚ್ಚಿದ. ಮುದ್ರಣಾಲಯದಲ್ಲಿ ಕರಡು ತಿದ್ದುವ ಕೆಲಸ ಅವನದು. ಬೇರೆಯವರ ತಪ್ಪು ಹಿಡಿಯುವುದರಲ್ಲಿ ನಿಸ್ಸೀಮ. ತನ್ನದು ಮಾತ್ರ ಕಣ್ಣಿಗೆ ಬೀಳುತ್ತಿರಲಿಲ್ಲ.

ಎರಡು ತಿಂಗಳ ಹಿಂದೆ, ಹಾಡಹಗಲಲ್ಲಿ, ಹೆಂಡತಿ ಹಿಂದಿನ ಕೋಣೆಯಲ್ಲಿ ಹೊಲಿಯುತ್ತ ಕೂತಿದ್ದಾಗ ಯಾರೋ ಹಿಂಬಾಗಿಲ ಚಿಲಕ ಮೀಟಿ ಒಳಗೆ ಬಂದಿದ್ದ. ಅವಳು ತಲೆಯೆತ್ತಿದ್ದೇ ತಡ, ಬಂದ ದಾರಿಯಲ್ಲೇ ಓಡಿಹೋದ. ಏನೂ ಕಳವಾಗಲಿಲ್ಲ. ಆದರೆ ಅಂದಿನಿಂದ ಅವಳು ಆ ಕೋಣೆಗೆ ಕಾಲಿಟ್ಟಿರಲಿಲ್ಲ. ಹೊಲಿಯಲು ಕೊಟ್ಟವರ ಬಟ್ಟೆಗಳನ್ನು ಒಂದೊಂದಾಗಿ ಹಿಂದಿರುಗಿಸಿದಳು. ಯಂತ್ರ ಧೂಳು ಹಿಡಿಯಿತು. ಗಂಡ ಹೆಂಡತಿ ಇಬ್ಬರೂ ಆ ಮಾತೆತ್ತುತ್ತಿರಲಿಲ್ಲ.

ಭಾನುವಾರ ಬೆಳಿಗ್ಗೆ ಅತ್ತಿಗೆ ಬಂದರು. ಅಣ್ಣನ ಹೆಂಡತಿ. ಕಚೇರಿ, ಆಸ್ಪತ್ರೆಗಳಿಗೆ ನೆಟ್‌ವರ್ಕ್ ತಂತಿ ಎಳೆಯುವುದರಲ್ಲೇ ಇಪ್ಪತ್ತು ವರ್ಷ ಸವೆಸಿದವರು. ಕನ್ನಡಕ ಏರಿಸಿ ನಕ್ಷೆ ನೋಡಿದರು.

"ಏನಪ್ಪಾ ಮೈದುನ, ಮನೆ ಕಾಯ್ತೀಯೋ, ಸಿನಿಮಾ ತೆಗೀತೀಯೋ?"

ಅಡುಗೆಮನೆಯಲ್ಲಿ ಹೆಂಡತಿ ಕಿಸಕ್ಕನೆ ನಕ್ಕಳು. ಅವನಿಗೆ ಆ ನಗುವೇ ಮರೆತುಹೋಗಿತ್ತು.

ನಕ್ಷೆ ತಪ್ಪೆಂದು ಅತ್ತಿಗೆ ಹೇಳಲಿಲ್ಲ. ಫೋನು ಹಿಡಿದು ಹಿಂಬಾಗಿಲ ಹತ್ತಿರ ಹೋಗಿ ಮನೆಯ ವೈಫೈಯಲ್ಲೇ ತಮಗೆ ವೀಡಿಯೊ ಕಾಲ್ ಮಾಡೆಂದರು. ಅವನು ಮಾಡಿದ. ಅರ್ಧ ಮಾತಿಗೇ ಪರದೆಯ ಮೇಲೆ ಅವರ ಮುಖ ಬಾಯಿ ತೆರೆದುಕೊಂಡು ಹಾಗೇ ನಿಂತುಬಿಟ್ಟಿತು.

ಪೆಚ್ಚಾಗಿ ಹಾಲಿಗೆ ಬಂದವನಿಗೆ ಅವರು ಹೇಳಿದರು: "ನನ್ನ ಬಾಯಿ ಮುಚ್ಚಿಸೋದು ನಿಮ್ಮಣ್ಣನ ಕೈಲಿ ಆಗ್ಲಿಲ್ಲ. ನಿನ್ನ ಗೋಡೆ ಮಾಡ್ತು ನೋಡು."

ಆಮೇಲೆ ಪೆನ್ಸಿಲು ಅವರ ಕೈಗೆ ಹೋಯಿತು. ವೈಫೈ ನೆಚ್ಚಿಕೊಳ್ಳುವುದು ಬೇಡ, ಪ್ರತಿ ಕ್ಯಾಮೆರಾಕ್ಕೂ ಒಂದು ತಂತಿ. ಕರೆಂಟು ಹರಿಯುವುದೂ ಚಿತ್ರ ಬರುವುದೂ ಅದರಲ್ಲೇ. ಎಲ್ಲ ತಂತಿಗಳೂ ಅಟ್ಟದ ಮೇಲೆ ಒಂದು ಸಣ್ಣ ಪೆಟ್ಟಿಗೆಗೆ ಬಂದು ಸೇರಲಿ. ಚಿತ್ರ ಉಳಿಸಿಡುವ ರೆಕಾರ್ಡರ್ ಕೂಡ ಅಲ್ಲೇ, ಟಿವಿ ಪಕ್ಕ ಇಟ್ಟರೆ ಕಳ್ಳ ಮೊದಲು ಎತ್ತುವುದು ಅದನ್ನೇ. ಬಂದ ನೆಂಟರ ಫೋನುಗಳೆಲ್ಲ ಸೇರಿಕೊಳ್ಳುವ ನೆಟ್‌ವರ್ಕಿನಲ್ಲಿ ಕ್ಯಾಮೆರಾ ಇರಬಾರದು, ಅವಕ್ಕೆ ಬೇರೆಯದೇ ಮಾಡಬೇಕು. ಕಂಪನಿಯವರು ಕೊಟ್ಟ ಪಾಸ್‌ವರ್ಡು ಅವತ್ತೇ ಬದಲಾಗಬೇಕು. ಇನ್ನು ಎಂಟು ಯಾಕೆ? ಗೇಟು, ಪಕ್ಕದ ಓಣಿ, ಮಹಡಿ ಮೆಟ್ಟಿಲು, ಹಿಂಬಾಗಿಲ ಹೊರಗೆ. ನಾಲ್ಕು. ಒಂದೊಂದನ್ನೇ ಹೊಡೆದುಹಾಕುತ್ತ ಹೋದ ಆ ಕೈಯನ್ನು ಅವನು ಬೆರಗಿನಿಂದ ನೋಡಿದ. ಇಷ್ಟು ಚೆನ್ನಾಗಿ ತಿದ್ದಿದ ಕರಡನ್ನು ಅವನು ಕಂಡಿರಲಿಲ್ಲ.

ಒಂಬತ್ತನೆಯ ಕ್ಯಾಮೆರಾಕ್ಕೆಂದು ಹೊಲಿಗೆ ಯಂತ್ರದ ಮೇಲೆ ಅವನು ಬರೆದಿದ್ದ ಸೊನ್ನೆಯ ಹತ್ತಿರ ಪೆನ್ಸಿಲು ನಿಂತಿತು. ಅತ್ತಿಗೆ ದನಿ ತಗ್ಗಿಸಿದರು.

"ಇದು ಬೇಡ. ಭಯ ಬಂದಿದ್ದು ಬಾಗಿಲಿಂದ. ಬಾಗಿಲು ಕಾದ್ರೆ ಸಾಕು, ಅವಳನ್ನ ಯಾಕೆ ಕಾಯ್ತೀಯ?"

ಅವನೇ ಪೆನ್ಸಿಲು ತೆಗೆದುಕೊಂಡು ಆ ಸೊನ್ನೆಯನ್ನು ಹೊಡೆದುಹಾಕಿದ.

ತಂತಿ ಎಷ್ಟು ಬೇಕೆಂದು ಅಳೆಯಲು ದಪ್ಪ ನೂಲಿದ್ದರೆ ಕೊಡು ಎಂದು ಅತ್ತಿಗೆ ಅವನ ಹೆಂಡತಿಯನ್ನು ಕೇಳಿದರು. ಅವಳು ಹಾಲ್‌ನ ಕಪಾಟಿನಿಂದ ಹಳದಿ ನೂಲಿನ ರೀಲು ತಂದಳು. ಅತ್ತಿಗೆ ಒಂದು ತುದಿ ಹಿಡಿದು ಏಣಿ ಹತ್ತಿ ಅಟ್ಟದಲ್ಲಿ ಕೂತರು. ರೀಲು ಬಿಚ್ಚುತ್ತ ಗೋಡೆಗುಂಟ ನಡೆಯುವ ಕೆಲಸ ಅವಳ ಪಾಲಿಗೆ ಬಂತು. ಗೇಟಿಗೆ ಒಂದು ಗಂಟು, ಓಣಿಗೆ ಒಂದು, ಮೆಟ್ಟಿಲಿಗೆ ಒಂದು. ನಡುವೆ ಅವಳೇ ಗದರಿದಳು.

"ಸಡಿಲ ಬಿಡ್ತಿದ್ದೀರಿ ಅಕ್ಕಾ. ಹೀಗೆ ಅಳತೆ ತಗೊಂಡ್ರೆ ಒಂದು ತೋಳು ಉದ್ದ, ಒಂದು ಗಿಡ್ಡ."

"ತಪ್ಪಾಯ್ತು ಟೇಲರಮ್ಮಾ. ಈಗ ಹಿಂದಕ್ಕೆ ನಡಿ."

ಹಿಂದೆ ಎಂದರೆ ಆ ಕೋಣೆ. ಅವನು ತಾನೇ ಹಿಡಿಯುತ್ತೇನೆಂದು ಎದ್ದ. ಅತ್ತಿಗೆ ಅಟ್ಟದಿಂದ ಅವನನ್ನೊಮ್ಮೆ ನೋಡಿದರು. ಅವನು ಕೂತ.

ನೂಲಿನ ಮೇಲೆಯೇ ಕಣ್ಣಿಟ್ಟು ಹೆಂಡತಿ ನಡೆದಳು. ಅಡುಗೆಮನೆ ದಾಟಿದಳು. ಹಿಂದಿನ ಕೋಣೆಯ ಹೊಸ್ತಿಲಲ್ಲಿ ನೂಲು ಗಳಿಗೆ ಹೊತ್ತು ಅಲುಗಲಿಲ್ಲ. ಆಮೇಲೆ ಮತ್ತೆ ಬಿಚ್ಚಿಕೊಳ್ಳತೊಡಗಿತು.

"ಬಾಗಿಲಿಗೆ ಬಂತು ಅಕ್ಕಾ, ಸಾಕಾ?" ಒಳಗಿನಿಂದ ಅವಳ ದನಿ.

"ಚೌಕಟ್ಟಿನ ಮೇಲಕ್ಕೆ ಎತ್ತು. ಒಂದು ಗೇಣು ಜಾಸ್ತಿ ಇರ್ಲಿ."

ನಾಲ್ಕನೆಯ ಗಂಟು ಬಿದ್ದ ಮೇಲೂ ಅವಳು ಬೇಗ ಬರಲಿಲ್ಲ. ಬಟ್ಟೆಯಿಂದ ಏನನ್ನೋ ಒರೆಸುವ ಸದ್ದು ಕೇಳಿತು. ಬಳಿಕ ಯಂತ್ರದ ಚಕ್ರ ಕಿರ್ರೆಂದು ಒಂದು ಸುತ್ತು ತಿರುಗಿತು.

"ಇದಕ್ಕೆ ಎಣ್ಣೆ ಬಿಟ್ಟು ಯಾವ ಕಾಲ ಆಯ್ತೋ," ಎಂದು ಅವಳು ಅಲ್ಲಿಂದಲೇ ಗೊಣಗಿದಳು.

ಅತ್ತಿಗೆ ಏನೂ ಆಗಿಲ್ಲವೆಂಬಂತೆ ನೂಲು ಸುತ್ತುತ್ತ, ಅಳತೆ ಬರೆದುಕೊಳ್ಳಬೇಕು, ಚೀಲದಿಂದ ಪೆನ್ನು ತೆಗೆದುಕೊಡು ಎಂದರು. ಅವನು ಚೀಲ ತೆರೆದ. ಪೆನ್ನಿನ ಪಕ್ಕದಲ್ಲೇ ಉದ್ದನೆಯ ಅಳತೆ ಟೇಪು ಇತ್ತು, ಬಳಸಿ ಬಳಸಿ ಅಂಚು ಸವೆದದ್ದು. ಅವನು ಪೆನ್ನು ಕೊಟ್ಟು ಚೀಲದ ಜಿಪ್ಪು ಎಳೆದ.

ಆ ಟೇಪಿನ ವಿಷಯವನ್ನು ಅವನು ಅತ್ತಿಗೆಯ ಹತ್ತಿರ ಎತ್ತಲಿಲ್ಲ, ಹೆಂಡತಿಗೂ ಯಾವತ್ತೂ ಹೇಳಲಿಲ್ಲ.