ಹಸಿರಿಗೂ ಬೂದಿಗೂ ನಡುವೆ

ಪ್ರೆಸ್ಸಿನಲ್ಲಿ ಅಪ್ಪನಿಗಿದ್ದ ಅಡ್ಡಹೆಸರು ಹಾಗಲ್ಲಪ್ಪ. ಯಾರು ಏನೇ ಹೇಳಿದರೂ ಮೊದಲು ‘ಹಾಗಲ್ಲಪ್ಪಾ’ ಎಂದು ತಡೆದು, ಆಮೇಲೆ ಅವರು ಹೇಳಿದ್ದನ್ನೇ ಇನ್ನೊಂದು ರೀತಿಯಲ್ಲಿ ಹೇಳುವುದು ಅವರ ಪದ್ಧತಿ. ಶಾಯಿ ಬೆರೆಸುವುದು ಅವರ ಕೆಲಸ. ಗಿರಾಕಿ ಹಳೆಯ ಬೆಂಕಿಪೊಟ್ಟಣದ ಚೂರೊಂದನ್ನು ತಂದು ಇದೇ ಕೆಂಪು ಬೇಕು ಎಂದರೆ, ಒಮ್ಮೆ ನೋಡಿ ಚೂರನ್ನು ವಾಪಸು ಕೊಟ್ಟುಬಿಡುತ್ತಿದ್ದರು. ಮಾದರಿಯನ್ನು ಎದುರಿಗಿಟ್ಟುಕೊಂಡು ಬೆರೆಸುವವರನ್ನು ಕಂಡರೆ ಅವರಿಗೆ, ಪುಸ್ತಕ ನೋಡಿಕೊಂಡು ಅಕ್ಕಿ ತೊಳೆಯುವವರನ್ನು ಕಂಡಷ್ಟೇ ಮರುಕ. ಅಚ್ಚಾಗಿ ಬಂದ ಹಾಳೆಯ ಮೇಲೆ ಮೊದಲು ಹೆಬ್ಬೆರಳನ್ನು ಉಜ್ಜಿ, ಬೆರಳಿಗೆ ಶಾಯಿ ಹತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಆಮೇಲಷ್ಟೇ ಬಣ್ಣದ ಬಗ್ಗೆ ಬಾಯಿ ಬಿಡುತ್ತಿದ್ದರು. ಬಿಟ್ಟರೆ ಬರುತ್ತಿದ್ದದ್ದು ಅದೇ ಹಾಗಲ್ಲಪ್ಪಾ.

ಆ ಅಪ್ಪನಿಗೆ ಪಾರ್ಶ್ವವಾಯು ಬಡಿದು ಈಗ ಉಳಿದಿರುವುದು ಒಂದೇ ಮಾತು: ಹೌದು. ನೀರು ಬೇಕಾ ಎಂದರೆ ಹೌದು, ಬೇಡವಾ ಎಂದರೂ ಹೌದು. ಮಾತುಗಳೆಲ್ಲ ಒಳಗೆ ಇರಬಹುದು, ಬಾಗಿಲು ಕಚ್ಚಿಕೊಂಡಿದೆ, ಆ ಸಂದಿಯಲ್ಲಿ ಯಾವ ಮಾತು ನುಸುಳುತ್ತದೋ ಅದನ್ನು ನಾವು ಆರಿಸುವ ಹಾಗಿಲ್ಲ ಎಂದು ಡಾಕ್ಟರು ತಿಳಿಸಿ ಹೇಳಿದರು. ಎಪ್ಪತ್ತು ದಾಟುವ ತನಕ ಯಾರ ಮಾತಿಗೂ ತಲೆ ಆಡಿಸದ ಮನುಷ್ಯ ಹೀಗೆ ಎಲ್ಲರನ್ನೂ ಒಪ್ಪಿಕೊಳ್ಳುತ್ತಾ ಕೂತಿರುವುದನ್ನು ನೋಡಿ ಕೆಲವು ನೆಂಟರು, ಈಗೆಷ್ಟು ಮೆದುವಾಗಿದ್ದಾರಲ್ಲ ಎಂದು ಸಂತೋಷಪಟ್ಟು ಹೋದರು.

ಕಾಯಿಲೆಗೆ ಮುಂಚೆ ಅಪ್ಪ ತಮ್ಮ ಹಳೆಯ ಕಾರನ್ನು ಮೆಕ್ಯಾನಿಕ್‌ನ ಶೆಡ್ಡಿನಲ್ಲಿ ಬಿಚ್ಚಿ ಹಾಕಿಸಿದ್ದರು. ಮಗ ಹುಟ್ಟುವ ಮೊದಲೇ ಮನೆಗೆ ಬಂದಿದ್ದ ಕಾರು ಅದು. ಕಂಪನಿಯಿಂದ ಹೊರಬಂದ ದಿನ ಹೇಗಿತ್ತೋ ಹಾಗೆ ಆಗಬೇಕೆಂಬುದು ಅವರ ಹಟ. ಮೈಬಣ್ಣಕ್ಕೆ ತಕರಾರಿರಲಿಲ್ಲ, ಬಾಗಿಲ ಒಳಗಡೆ ಹಳೆಯ ಬಣ್ಣ ಹಾಗೇ ಉಳಿದಿತ್ತು. ಎಂಜಿನ್ನನ್ನು ಮಾತ್ರ ತಾವೇ ಮುಂದೆ ನಿಂತು ಬಣ್ಣ ತಿಂದುಹಾಕುವ ಕಾಸ್ಟಿಕ್ ತೊಟ್ಟಿಯಲ್ಲಿ ಮುಳುಗಿಸಿದರು. ಮೂಲೆಯಲ್ಲಿ ಒಂದಿಷ್ಟು ಹಳೇ ಬಣ್ಣ ಬಿಡೋಣ, ಗುರುತಿಗೆ ಇರಲಿ ಎಂದು ಮೆಕ್ಯಾನಿಕ್ ಎಷ್ಟು ಹೇಳಿದರೂ ಕೇಳಲಿಲ್ಲ. “ಹಾಗಲ್ಲಪ್ಪಾ, ಗುರುತು ನನ್ನ ತಲೇಲಿದೆ. ಜನ ಹೇಳೋ ಹಸಿರೂ ಅಲ್ಲ, ಬೂದೀನೂ ಅಲ್ಲ, ನಡುವೆ ಇನ್ನೊಂದು. ಭಾನುವಾರ ಬಂದು ಬೆರೆಸಿ ತೋರಿಸ್ತೀನಿ, ತಾಳು.” ಆ ಭಾನುವಾರ ಅವರು ಆಸ್ಪತ್ರೆಯಲ್ಲಿದ್ದರು.

ಬೆತ್ತಲೆ ಕಬ್ಬಿಣ ಕಾಯುವುದಿಲ್ಲ. ಎಣ್ಣೆ ಸವರಿದಲ್ಲೂ ತುಕ್ಕಿನ ಕೆಂಪು ಏಳುತ್ತಿದೆ ಎಂದು ಮೆಕ್ಯಾನಿಕ್ ಮಗನಿಗೆ ಫೋನು ಮಾಡಿದ. ಉಜ್ಜಿ ಪ್ರೈಮರ್ ಹೊಡೆದಿದ್ದೇನೆ, ಆದರೆ ಬರೀ ಪ್ರೈಮರ್ ನಂಬುವಂತಿಲ್ಲ, ಬೇಗ ಬಣ್ಣ ಹೇಳಿ ಎಂದ.

ಮಗನದು ಕನ್ನಡಕದ ಅಂಗಡಿ. ಹಳೇ ಕಾರಿನ ಮಂದಿಯನ್ನು ವಿಚಾರಿಸಿದ. ಒಬ್ಬರು ಆಣೆಯಿಟ್ಟು ಹಸಿರು ಎಂದರು, ಇನ್ನೊಬ್ಬರು ಅಷ್ಟೇ ಆಣೆಯಿಟ್ಟು ಬೂದಿ ಎಂದರು, ಮೂರನೆಯವರು ಕಾರ್ಖಾನೆಯಲ್ಲಿ ಆ ದಿನ ಯಾವ ಡ್ರಮ್ಮಿನ ಮುಚ್ಚಳ ತೆಗೆದಿತ್ತೋ ಅದು ಎಂದರು. ಯಾವುದೋ ಒಂದು ಹೊಡೆಸಿ ಕೈತೊಳೆದುಕೊಳ್ಳಬಹುದಿತ್ತು. ಬಾನೆಟ್ ಮುಚ್ಚಿದರೆ ಯಾರಿಗೆ ಕಾಣುತ್ತದೆ? ಅಪ್ಪನಿಗೆ ಕಾಣುತ್ತದೆ. ಬಣ್ಣ ತಪ್ಪಾದರೆ ನೋಡಿದ ತಕ್ಷಣ ಅವರಿಗೆ ಗೊತ್ತಾಗುತ್ತದೆ. ಗೊತ್ತಾದದ್ದನ್ನು ಹೇಳಲಾಗದೆ, ಹೌದು ಎಂದು ಒಪ್ಪಿಕೊಳ್ಳಬೇಕಾಗುತ್ತದೆ. ಮಗನಿಗೆ ನುಂಗಲಾಗದ್ದು ಇದು.

ಅಮ್ಮನನ್ನು ಕೇಳಿದ. ಆಕೆ ಬಟ್ಟೆ ಮಡಿಸುತ್ತಿದ್ದಳು.

“ಅಷ್ಟು ವರ್ಷ ಆ ಕಾರಲ್ಲಿ ಕೂತಿದೀನಿ, ಒಂದಿನಾನೂ ಅದರ ಹೊಟ್ಟೆ ನೋಡಿಲ್ಲ ಕಣೋ. ಕೆಟ್ಟು ನಿಂತಾಗೆಲ್ಲ ನಿಮ್ಮಪ್ಪ ಬಾನೆಟ್ ಎತ್ತಿ ಬಗ್ಗೋರು, ನಾನು ಅವರ ಬೆನ್ನು ನೋಡ್ಕೊಂಡು ಕೂತಿರೋಳು. ಬೆನ್ನಿನ ಬಣ್ಣ ಕೇಳು, ಹೇಳ್ತೀನಿ.”

ಇದ್ದ ಒಂದು ಫೋಟೋ ಕೂಡ ಆಕೆಯ ಪರವಾಗಿಯೇ ಸಾಕ್ಷಿ ಹೇಳಿತು. ಬಾನೆಟ್ ಎತ್ತಿದೆ, ಅದರ ಮುಂದೆ ಅಪ್ಪ ಎರಡೂ ಕೈ ಸೊಂಟದ ಮೇಲಿಟ್ಟು, ಎಂಜಿನ್ನಿನ ಒಂದು ಬೋಲ್ಟೂ ಕಾಣದಂತೆ ನಿಂತಿದ್ದಾರೆ. ಕಂಡಿದ್ದರೂ ಪ್ರಯೋಜನವಿರಲಿಲ್ಲ, ಕಪ್ಪುಬಿಳುಪು.

ಮೆಕ್ಯಾನಿಕ್ ಹಸಿರಿನಿಂದ ಬೂದಿಯವರೆಗೆ ಮೆಟ್ಟಿಲು ಮೆಟ್ಟಿಲಾಗಿ ಬೆರೆಸಿ, ಡಬ್ಬಿಯ ಮುಚ್ಚಳಗಳ ಮೇಲೆ ಹೊಡೆದು ಒಣಗಿಸಿ ಕೊಟ್ಟ. ಮಗ ಅವನ್ನು ಮನೆಗೆ ತಂದು ಕಿಟಕಿಯ ಬೆಳಕಿಗೆ ಅಪ್ಪನ ಕುರ್ಚಿ ತಿರುಗಿಸಿದ. ಅಂಗಡಿಯಲ್ಲಿ ದಿನವಿಡೀ ಅವನು ಮಾಡುವುದೂ ಇದೇ ಕೆಲಸ: ಇದು ಚೆನ್ನಾಗಿ ಕಾಣುತ್ತಾ, ಇಲ್ಲ ಇದಾ? ಎರಡೆರಡೇ ಹಿಡಿಯುತ್ತಾ ಹೋದ.

“ಇದಾ ಅಪ್ಪ?”

“ಹೌದು.”

“ಇಲ್ಲ, ಇದಾ?”

“ಹೌದು.”

ಎಲ್ಲದಕ್ಕೂ ಹೂಂ ಎನ್ನುವ ಗಿರಾಕಿಗಳನ್ನು ಅವನು ಬೇಕಾದಷ್ಟು ಕಂಡಿದ್ದ. ಅಂಥವರಿಗೆ ಸದ್ದಿಲ್ಲದೆ ಪವರಿಲ್ಲದ ಬರೀ ಗಾಜು ತೊಡಿಸಿ ಈಗ ಹೇಗೆ ಎಂದು ಕೇಳುವುದು ಅಂಗಡಿಯ ಉಪಾಯ. ಅದಕ್ಕೂ ಆಹಾ ಎಂದರೆ ಅವರ ಮಾತು ಬಿಟ್ಟು ಮುಖ ನೋಡಬೇಕು. ಮಗ ಚೀಲದಿಂದ ಇನ್ನೊಂದು ಮುಚ್ಚಳ ತೆಗೆದ. ಯಾರದೋ ಮಗಳ ಸೈಕಲ್ಲಿಗೆ ಹೊಡೆದು ಉಳಿದಿದ್ದ ಗುಲಾಬಿ. ಎಂಜಿನ್ನಿಗೆ ಇದನ್ನು ಹಚ್ಚುತ್ತೇನೆಂದು ಯಾರಾದರೂ ಅಂದಿದ್ದರೆ ಹಿಂದಿನ ಅಪ್ಪ ಅವರನ್ನು ಗೇಟಿನ ತನಕ ಬೈದುಕೊಂಡು ಬಿಟ್ಟುಬರುತ್ತಿದ್ದರು.

“ಇದನ್ನ ಹೊಡೆಸ್ಲಾ, ಅಪ್ಪ?”

ಅಪ್ಪ ಗುಲಾಬಿಯನ್ನು ನೋಡಿದರು. ಮಗನನ್ನು ನೋಡಿದರು. ತುಟಿಯ ಕೊನೆ ಒಂದಿಷ್ಟು ಅಲುಗಿದಂತಾಯಿತು. ಅದು ಎಡಕೊನೆ, ಬಲದ್ದು ಅಲುಗುವುದಿಲ್ಲ. ಮಗ ಮುಚ್ಚಳವನ್ನು ಇನ್ನಷ್ಟು ಹತ್ತಿರ ಹಿಡಿದ.

“ಹೌದು,” ಎಂದರು ಅಪ್ಪ, ಬಹಳ ಮರ್ಯಾದೆಯಿಂದ.

ಬಾಗಿಲಲ್ಲಿ ನಿಂತಿದ್ದ ಅಮ್ಮ, ಆಟ ಆಡಿಸಬೇಡ್ವೋ ಅವರನ್ನ ಎಂದು ಗದರಿ ಒಳಗೆ ಹೋದಳು. ಅಪ್ಪನ ಕಣ್ಣಲ್ಲಿ ನೀರು ಬಂತು. ಅದನ್ನೂ ಲೆಕ್ಕಕ್ಕೆ ಹಿಡಿಯುವಂತಿಲ್ಲ, ಈ ಕಾಯಿಲೆಯಲ್ಲಿ ಕಣ್ಣೀರು ಕಾರಣವಿಲ್ಲದೆಯೂ ಬರುತ್ತದೆಂದು ಡಾಕ್ಟರು ಮೊದಲೇ ಹೇಳಿದ್ದರು. ಮಗ ಒರೆಸಿದ. ಗುಲಾಬಿ ಮುಚ್ಚಳವನ್ನು ಚೀಲದ ತಳಕ್ಕೆ ತಳ್ಳಿದ.

ಕಡೆಗೆ ಅವನು ಆರಿಸಿದ್ದು ನಟ್ಟನಡುವಿನ ಮುಚ್ಚಳ. ಅಪ್ಪ ನಡುವೆ ಎಂದಿದ್ದರು, ಇದು ನಡುವೆ ಇತ್ತು, ಅಷ್ಟೇ ಆಧಾರ. ಮೆಕ್ಯಾನಿಕ್ ಚೆನ್ನಾಗಿ ಹೊಡೆದ. ಎಂಜಿನ್ ಕೂರಿಸುವ ದಿನ ಅಪ್ಪನನ್ನು ವೀಲ್‌ಚೇರಿನಲ್ಲಿ ಶೆಡ್ಡಿಗೆ ಕರೆತಂದರು. ಕಾರಿನ ಬಾಯಿ ತೆರೆದಿತ್ತು. ಮೇಲಿನ ತೊಲೆಯಿಂದ ಇಳಿಬಿಟ್ಟ ಸರಪಳಿಯಲ್ಲಿ ಎಂಜಿನ್ ಅಪ್ಪನ ಎದೆಯೆತ್ತರಕ್ಕೆ ತೂಗುತ್ತಿತ್ತು, ಹಸಿರೆಂದರೆ ಹಸಿರು, ಬೂದಿಯೆಂದರೆ ಬೂದಿ.

ಅಪ್ಪ ಬಹಳ ಹೊತ್ತು ನೋಡಿದರು. ಆಮೇಲೆ ಎಡಗೈ ಎತ್ತಿ, ಹೆಬ್ಬೆರಳಿನಿಂದ ಎಂಜಿನ್ನಿನ ಮಗ್ಗುಲನ್ನು ಉಜ್ಜಿದರು. ಬೆರಳನ್ನು ಕಣ್ಣಿನ ಹತ್ತಿರ ತಂದು ನೋಡಿಕೊಂಡರು. ಅಷ್ಟು ತಿಂಗಳಲ್ಲಿ ಅವರು ಯಾರೂ ಕೇಳದೆ ತಾವಾಗಿ ಮಾಡಿದ ಮೊದಲ ಕೆಲಸ ಅದು. ಮಗ ಕುರ್ಚಿಯ ಪಕ್ಕ ಕುಕ್ಕರಿಸಿದ. ಇನ್ನು ಬಣ್ಣದ ಮಾತು ಬರಬೇಕು. ಆ ಹಳೆಯ ಮಾತು ಬಂದುಬಿಡಲಿ, ಎಲ್ಲ ಕೆರೆದು ಮತ್ತೆ ಹೊಡೆಸುತ್ತೇನೆ, ಹತ್ತು ಸಲ ಬೇಕಾದರೂ ಹೊಡೆಸುತ್ತೇನೆ ಎಂದುಕೊಂಡ.

“ಬಣ್ಣ ಸರಿಯಾಗಿದೆಯಾ, ಅಪ್ಪ?”

“ಹೌದು.”

ಮೆಕ್ಯಾನಿಕ್‌ಗೆ ತಡೆಯಲಾಗಲಿಲ್ಲ. ಅವನೂ ಕುರ್ಚಿಯ ಪಕ್ಕ ಕುಕ್ಕರಗಾಲಲ್ಲಿ ಕೂತ. “ಯಜಮಾನ್ರೇ, ತಪ್ಪಾಗಿದ್ರೂ ಹೇಳಿ, ಬೇಜಾರಿಲ್ಲ. ತಪ್ಪಾಗಿದೆಯಾ?”

“ಹೌದು,” ಎಂದರು ಅಪ್ಪ ಅವನಿಗೂ.

ಎಂಜಿನ್ ಸರಪಳಿಯಲ್ಲಿ ಒಂದಿಷ್ಟು ಆ ಕಡೆ ತಿರುಗಿ ಮತ್ತೆ ಈ ಕಡೆ ತಿರುಗಿತು. ಹೊರಗೆ ಯಾರೋ ಶೆಡ್ಡಿನೊಳಗೆ ಜಾಗ ಕೇಳಿ ಹಾರ್ನ್ ಹೊಡೆದರು. ಇಳಿಸ್ಲಾ ಸಾರ್ ಎಂದು ಮೆಕ್ಯಾನಿಕ್ ಕೇಳಿದ. ಮಗ ಬೇಡ ಎನ್ನಲಿಲ್ಲ, ಅದನ್ನೇ ಒಪ್ಪಿಗೆ ಎಂದುಕೊಂಡು ಅವನು ಸರಪಳಿ ಎಳೆಯತೊಡಗಿದ. ಎಂಜಿನ್ ಒಳಗಿಳಿದು ಕೂತಿತು. ಬಾನೆಟ್ ಮುಚ್ಚಿದ ಮೇಲೂ ಅಪ್ಪ ಬಾನೆಟ್ಟನ್ನೇ ನೋಡುತ್ತಿದ್ದರು.

ಮನೆಗೆ ಬಂದಾಗಲೂ ಅವರ ಎಡಗೈ ಮುಷ್ಟಿಯಲ್ಲಿತ್ತು, ಹೆಬ್ಬೆರಳು ಮಾತ್ರ ಹೊರಗೆ, ಎಲ್ಲಿಗೂ ತಾಗದಂತೆ ನೆಟ್ಟಗೆ. ಏನಂದ್ರೋ ಎಂದು ಅಮ್ಮ ಕೇಳಿದಳು. ಎರಡಕ್ಕೂ ಹೌದು ಅಂದರು ಎಂದ ಮಗ. ಪ್ರೆಸ್ಸಿನ ದಿನಗಳಲ್ಲಿ ಸಂಜೆ ಬಂದ ಕೂಡಲೇ ಆ ಬೆರಳಿಗೆ ಸೋಪು ಹಾಕಿ ಶಾಯಿ ಬಿಡಿಸುತ್ತಿದ್ದ ಅಭ್ಯಾಸಕ್ಕೆ, ಅವಳು ಒದ್ದೆ ಬಟ್ಟೆ ತಂದು ಕುರ್ಚಿಯ ಮುಂದೆ ಕೂತು ಒರೆಸಿದಳು. ಬಟ್ಟೆ ತಿರುಗಿಸಿ ನೋಡಿದಳು.

“ಏನೂ ಹತ್ತೇ ಇಲ್ವಲ್ಲ ರೀ ಇದಕ್ಕೆ.”

“ಹೌದು,” ಎಂದರು ಅಪ್ಪ. ಬೆರಳನ್ನು ಮಾತ್ರ ಮಡಿಸಲಿಲ್ಲ.